ನನ್ನ ಕೆಲಸಕ್ಕೆ ಊರಿಟ್ಟ ಹೆಸರುಗಳು

ಬಾಯಿಗೆ ಸಲೀಸಾಗಿ ಬರುವ ಹೆಸರಿಲ್ಲದ ಕೆಲಸ ಹಿಡಿದವರ ಪಾಡೇ ಇಷ್ಟು; ಊರಿಗೆ ಹೋದಾಗೆಲ್ಲ ಏನಾದರೊಂದು ಆಗಿಯೇ ಆಗುತ್ತದೆ. ಟೀಚರ್ ಅಂದರೆ ಯಾರೂ ಮುಂದಿನ ಪ್ರಶ್ನೆ ಕೇಳುವುದಿಲ್ಲ. ನರ್ಸ್ ಅಂದರೆ ಬಿ.ಪಿ. ನೋಡು ಅನ್ನುತ್ತಾರೆ, ಮುಗಿಯಿತು. ನಾನು ಮೈಸೂರಿನ ಒಂದು ಸಣ್ಣ ಲ್ಯಾಬಿನಲ್ಲಿದ್ದೇನೆ. ಮನುಷ್ಯರ ಮೈಯಲ್ಲಿ ತಯಾರಾಗುವ ಒಂದು ಪ್ರೋಟೀನನ್ನು ಬ್ಯಾಕ್ಟೀರಿಯಾದ ಕೈಲಿ ತಯಾರು ಮಾಡಿಸಿ, ಸೋಸಿ, ಪುಟ್ಟ ಟ್ಯೂಬುಗಳಿಗೆ ತುಂಬಿ, ಸಂಶೋಧನೆ ಮಾಡುವವರಿಗೆ ಕಳಿಸುವುದು ನಮ್ಮ ಕೆಲಸ. ಗಾಯ ಮಾಯುವಾಗ ಒಳಗೆ ಏನೇನು ನಡೆಯುತ್ತದೆ ಅಂತ ತಿಳಿಯಲು ಅವರಿಗೆ ಅದು ಬೇಕು. ಇಷ್ಟನ್ನು ಲ್ಯಾಬಿನಲ್ಲಿ ಯಾರು ಕೇಳಿದರೂ ಸರಾಗವಾಗಿ ಹೇಳುತ್ತೇನೆ. ತಮಿಳು ಸೀಮೆಗೆ ಸೇರಿದ ನಮ್ಮ ಕನ್ನಡದ ಊರು ಪಣಕಹಳ್ಳಿಯಲ್ಲಿ ಬಸ್ಸಿಳಿದ ಕೂಡಲೇ ನಾಲಿಗೆ ಕೈಕೊಡುತ್ತದೆ.

ನಕ್ಕು ಸುಮ್ಮನಾಗಬಹುದಿತ್ತು. ಆದರೆ ಈ ವರ್ಷ ನನ್ನ ತಂಗಿ ಪ್ಲಸ್ ಟು ಪಾಸಾಗಿ, ಅಕ್ಕನ ಹಾಗೇ ಬಯೋಕೆಮಿಸ್ಟ್ರಿ ಓದುತ್ತೇನೆ ಅಂತ ಹಟ ಹಿಡಿದಳು. ಸೀಟೂ ಸಿಕ್ಕಿತು. ಫಾರಂಗೆ ಅಪ್ಪನ ಸೈನ್ ಬೇಕು, ಅಪ್ಪ ಹಾಕುತ್ತಿಲ್ಲ. ಓದು ಬೇಡ ಅನ್ನುವ ಮನುಷ್ಯನಲ್ಲ ಅವನು. ಅವ್ವನೂ ಅವನೂ ಕಂಡವರ ಹೊಲದಲ್ಲಿ ಕಳೆ ಕಿತ್ತು, ರಾಗಿ ಕುಯ್ದು ನನ್ನನ್ನು ಓದಿಸಿದವರು. ಅಪ್ಪನ ತಕರಾರು ಬೇರೆ.

“ಒಬ್ಳು ಏನ್ ಕೆಲ್ಸ ಮಾಡ್ತಾವ್ಳ ಅಂತ ಕೇಳ್ದೋರ್ಗ ಏಳಕ್ಕ ನಂಗ ಬಾಯಿ ಬತ್ತಿಲ್ಲ. ಇಬ್ರೂ ಅದ್ನೇ ಮಾಡುದ್ರ ನಾ ಏನಂತ ಏಳ್ಲಿ? ಟೀಚರ್ ಟ್ರೈನಿಂಗ್ ಓಗ್ಲಿ, ಎಲ್ರಿಗೂ ಅರ್ತ ಆಯ್ತದ. ಇಲ್ಲಾಂದ್ರ ನಿನ್ ಕೆಲ್ಸ ನಂಗ ಅರ್ತ ಮಾಡ್ಸು. ಅಲ್ಲೀಗಂಟ ಸೈನ್ ಆಕಕಿಲ್ಲ.”

ಅಪ್ಪ ಈ ಮಾತಿಗೆ ಬಂದು ನಿಲ್ಲಲು ಕಾರಣವಾದ ಪ್ರಸಂಗಗಳು ಇವು. ತಪ್ಪು ಯಾರದ್ದೂ ಅಲ್ಲ. ಇದ್ದರೆ ನನ್ನದೇ.

ಊಮನ್

ಕೆಲಸಕ್ಕೆ ಸೇರಿದ ಹೊಸತು. ಕಳೆ ಕೀಳುವ ಹೆಂಗಸರೆಲ್ಲ “ಮಗ್ಳು ಏನ್ ಮಾಡ್ತಾವ್ಳ?” ಅಂತ ಅವ್ವನನ್ನು ಕೇಳಿ ಕೇಳಿ ಜೀವ ತೆಗೆಯುತ್ತಿದ್ದರು. ಅವ್ವ ನನ್ನನ್ನು ಕೂರಿಸಿಕೊಂಡು, ಒಂದೇ ಮಾತಿನಲ್ಲಿ ಹೇಳಿಕೊಡು ಅಂದಳು. “ಹ್ಯೂಮನ್ ಪ್ರೋಟೀನ್ ಮಾಡೋ ಲ್ಯಾಬು” ಅಂತ ಹೇಳಿಕೊಟ್ಟೆ. ಅವ್ವ ಸೊಪ್ಪು ಸೋಸುತ್ತ ಅದನ್ನು ಹತ್ತು ಸಲ ಹೇಳಿ ಗಟ್ಟಿ ಮಾಡಿಕೊಂಡಳು.

ನಮ್ಮ ಕಡೆ ಹಕಾರ ಬಾಯಲ್ಲಿ ನಿಲ್ಲುವುದಿಲ್ಲ ಅನ್ನುವುದು ನನಗೆ ಹೊಳೆಯಬೇಕಿತ್ತು. ಹೊಲ ‘ಒಲ’ ಆದ ಮೇಲೆ ಹ್ಯೂಮನ್ ಊಮನ್ ಆಗದೆ ಇರುತ್ತದೆಯೇ. ಹೊಲದಲ್ಲಿ ಅವ್ವ ಬಲು ಜಂಬದಿಂದ “ಊಮನ್ ಪ್ರೋಟೀನು” ಅಂದಳು. ಅಲ್ಲಿ ಹತ್ತನೇ ಕ್ಲಾಸು ಓದಿದ ಸೊಸೆಯೊಬ್ಬಳಿದ್ದಳು. ಅವಳು ಎಲ್ಲರಿಗೂ ಬಿಡಿಸಿ ಹೇಳಿದಳು: ವುಮನ್ ಅಂದರೆ ಹೆಂಗಸು, ಪ್ರೋಟೀನ್ ಅಂದರೆ ಶಕ್ತಿ. ಹೆಂಗಸರಿಗೆ ಶಕ್ತಿ ಬರಿಸುವ ಔಷಧಿ.

ಸಂಜೆಗೆ ನಮ್ಮ ಜಗಲಿ ತುಂಬಿತು. ಒಬ್ಬಳಿಗೆ ಸೊಂಟ, ಒಬ್ಬಳಿಗೆ ಮಂಡಿ, ಒಬ್ಬಳಿಗೆ ಅತ್ತೆ. ಎಲ್ಲರಿಗೂ ಊಮನ್ ಬೇಕು. ಇದು ತಿನ್ನುವಂಥದ್ದಲ್ಲ, ಪರೀಕ್ಷೆ ಮಾಡಿ ನೋಡುವವರಿಗೆ ಮಾತ್ರ ಅಂತ ನಾನು ಬಡಕೊಂಡೆ. “ನಮ್ ಮ್ಯಾಲೇ ಪರೀಕ್ಸ ಮಾಡವ್ವ, ನಾವೇನ್ ಬ್ಯಾಡ ಅಂದಿದ್ದಾ” ಅಂದರು.

ಎಲ್ಲರೂ ಹೋದ ಮೇಲೆ ಬೀದಿಯ ಕಡೆಯ ಮನೆಯ ಗಂಡಸೊಬ್ಬ ಮೆಲ್ಲಗೆ ಬಂದು ಬಾಗಿಲಲ್ಲಿ ನಿಂತ. ಸಣಕಲು ಆಳು, ಹೆಂಡತಿ ಅವನ ಎರಡರಷ್ಟಿದ್ದಾಳೆ. ಟವಲು ಕಂಕುಳಿಗೆ ಸಿಕ್ಕಿಸಿಕೊಂಡು, “ನೀನು ಓದ್ದೋಳು ಕಣವ್ವ, ನಿಂಗ ನಾನು ಏಳಂಗಿಲ್ಲ” ಅಂತ ಶುರು ಮಾಡಿದ. “ಆದ್ರೂ ನಮ್ಮೂರ್ಗ ಮಾತ್ರ ಅದ ಕಳಿಸ್ಬ್ಯಾಡ. ಇರೋ ಸಕ್ತಿಯೇ ತಡ್ಯಕ್ಕಾಯ್ತಿಲ್ಲ.”

ಈ ಕೋಳಿ

ನಾವು ಸಾಕುವ ಬ್ಯಾಕ್ಟೀರಿಯಾದ ಹೆಸರು ಇ. ಕೋಲಿ. ಕೆಲವರು ಕೋಲೈ ಅನ್ನುತ್ತಾರೆ, ನಮ್ಮ ಕಾಲೇಜಿನ ಮೇಡಂ ಕೋಲಿ ಅನ್ನುತ್ತಿದ್ದರು, ನನಗೂ ಅದೇ ಅಂಟಿತ್ತು. ಒಂದು ಶನಿವಾರ ಎದುರುಮನೆ ದೊಡ್ಡವ್ವ ವಿಚಾರಿಸಿದಾಗ, “ಇ ಕೋಲಿ ಅಂತ ಅದ ದೊಡ್ಡವ್ವ, ಅದ್ನ ಬೆಳಸ್ತೀವಿ” ಅಂದುಬಿಟ್ಟೆ.

ಮರುದಿನ ಬೆಳಗ್ಗೆ ಬಾಗಿಲು ತೆಗೆದರೆ ದೊಡ್ಡವ್ವ ಬುಟ್ಟಿ ಹೊತ್ತು ನಿಂತಿದ್ದಾಳೆ. ಬುಟ್ಟಿಯೊಳಗೆ ಒಂದು ನಾಟಿ ಕೋಳಿ, ಕಣ್ಣು ಅರ್ಧ ಮುಚ್ಚಿಕೊಂಡು ತೂಕಡಿಸುತ್ತಿದೆ.

“ಈ ಕೋಳಿ ಮೂರ್ ದಿನದಿಂದ ಮೇವ ಮುಟ್ಟಿಲ್ಲ ಕಣವ್ವ, ನೋಡು” ಅಂದಳು.

“ನಂಗೇನ್ ಗೊತ್ತಾಯ್ತದ ದೊಡ್ಡವ್ವ?”

“ಮೈಸೂರಲ್ಲಿ ನೀ ಈ ಕೋಳಿ ಸಾಕದಿಲ್ವಾ? ನಿನ್ನ ದಿನ ನೀನೇ ಅಂದಲ್ಲವ್ವ.”

“ಅದು ಕೋಳಿ ಅಲ್ಲ, ಕೋಲಿ. ಕಣ್ಗ ಕಾಣ್ದಂಗ ಚಿಕ್ದು.”

“ಮರಿಯಾ?”

ಮರಿಯೂ ಅಲ್ಲ, ಮೊಟ್ಟೆಯೂ ಅಲ್ಲ, ಅದರೊಳಗೆ ನಾವು ಮನುಷ್ಯರ ಪ್ರೋಟೀನು ಮಾಡಿಸುತ್ತೇವೆ ಅಂದೆ. ದೊಡ್ಡವ್ವ ಬುಟ್ಟಿ ಕೆಳಗಿಟ್ಟಳು. “ಕೋಳಿ ಒಳಗ ಮನುಸರ್ದಾ?” ಅಂತ ಕೇಳಿದವಳು ನನ್ನ ಉತ್ತರಕ್ಕೆ ಕಾಯಲಿಲ್ಲ, ಬುಟ್ಟಿ ಎತ್ತಿಕೊಂಡು ಹೊರಟೇಬಿಟ್ಟಳು. ಅವಳು ಬೀದಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುವಷ್ಟರಲ್ಲಿ ಮಾತು ಪೂರ್ತಿ ಬೆಳೆದಿತ್ತು. ಈಗ ಬರುವ ಬ್ರಾಯ್ಲರ್ ಕೋಳಿಗೆಲ್ಲ ಮೈಸೂರಲ್ಲಿ ಮನುಷ್ಯರದ್ದು ಏನೋ ಸೇರಿಸುತ್ತಾರಂತೆ, ನಮ್ಮ ಹುಡುಗಿಯೇ ಅಲ್ಲಿ ಕೆಲಸಕ್ಕಿದ್ದಾಳಂತೆ.

ಭಾನುವಾರ ಬೇರೆ. ಬಸ್ ನಿಲ್ದಾಣದ ಹತ್ತಿರದ ಕೋಳಿ ಅಂಗಡಿಯವನು ಮಧ್ಯಾಹ್ನದ ತನಕ ಕತ್ತಿ ಮಸೆಯುತ್ತ ಕೂತಿದ್ದಾನೆ, ಒಂದು ನರಪಿಳ್ಳೆಯೂ ಅತ್ತ ಸುಳಿದಿಲ್ಲ. ವಿಷಯ ತಿಳಿದು ನೇರ ನಮ್ಮ ಮನೆಗೆ ಬಂದ. ಅಪ್ಪ ನನ್ನ ಮುಖ ನೋಡಿದ, ನಾನು ನೆಲ ನೋಡಿದೆ. ಪಾಪ, ಆ ಮನುಷ್ಯ ಜಗಳಕ್ಕೆ ಬಂದಿರಲಿಲ್ಲ. ಒಂದು ಬಿಳಿ ಹಾಳೆ, ಪೆನ್ನು ಮುಂದಿಟ್ಟು ಹೇಳಿದ: “ನನ್ ಅಂಗಡಿ ಕೋಳಿ ಒಳಗ ಬರೀ ಕೋಳಿಯೇ ಅದ ಅಂತ ಒಂದ್ ಚೀಟಿ ಬರ್ಕೊಡವ್ವ, ಸೀಲ್ ಇದ್ರ ಅದೂವ ಆಕು.”

ಚೆಕ್‌ಪೋಸ್ಟಿನಲ್ಲಿ

ಇದು ನಡೆದದ್ದು ತಂಗಿಯ ರಿಸಲ್ಟು ಬಂದ ವಾರ. ಕೊಯಮತ್ತೂರಿನ ಒಂದು ಕಾಲೇಜಿಗೆ ನಮ್ಮ ಪ್ರೋಟೀನು ತುರ್ತಾಗಿ ಬೇಕಿತ್ತು. “ನಿಮ್ಮೂರಿನ ದಾರಿಯೇ ಅಲ್ವೇನಮ್ಮಾ” ಅಂತ ನಮ್ಮ ಮೇಲಿನವರು ಡಬ್ಬವನ್ನು ನನ್ನ ಕೈಗೇ ಕೊಟ್ಟರು. ಬಿಳಿ ಥರ್ಮಾಕೋಲ್ ಡಬ್ಬ, ಒಳಗೆ ಡ್ರೈ ಐಸು, ಅದರ ನಡುವೆ ಬೆರಳುದ್ದದ ನಾಲ್ಕು ಟ್ಯೂಬು. ಭಾನುವಾರ ಊರಲ್ಲಿದ್ದು, ಸೋಮವಾರ ಬೆಳಗ್ಗೆ ಸತ್ಯಮಂಗಲದ ಬಸ್ಸು ಹತ್ತಿದೆ. ಬಸ್ಸಿನಲ್ಲಿ ಅರ್ಧ ಜನ ನಮ್ಮ ಕಡೆಯವರೇ.

ದಿಂಬಂ ಹತ್ತಿರ ಬಸ್ಸು ನಿಂತಿತು. ಚೆಕ್‌ಪೋಸ್ಟಿನ ಗಾರ್ಡು ಹತ್ತಿ ಬಂದರು. ಘಾಟಿ ಕೆಳಗಿನವರು, ಕನ್ನಡ ಬಾರದು. ನನ್ನ ಮಡಿಲಿನ ಡಬ್ಬ ನೋಡಿ ತೆಗೆಯಲು ಹೇಳಿದರು. ತೆಗೆದೆ. ಬಿಳಿ ಹೊಗೆ ಭುಸ್ ಅಂತ ಎದ್ದು ಅವರ ಮೀಸೆಗೆ ತಾಗಿತು. ಅವರು ಎರಡು ಹೆಜ್ಜೆ ಹಿಂದೆ ಹೋಗಿ, “ಎನ್ನಮ್ಮಾ ಇದು?” ಅಂದರು.

ನನಗೆ ತಮಿಳು ಚೆನ್ನಾಗಿಯೇ ಬರುತ್ತದೆ. ಬಂದದ್ದೇ ಕಷ್ಟವಾಯಿತು. ಮನುಷ್ಯರ ಪ್ರೋಟೀನು, ಇ. ಕೋಲೈಯಿಂದ ತೆಗೆದದ್ದು ಅಂತ ಹೇಳಬೇಕಿತ್ತು. ನಾಲಿಗೆ ತಿದ್ದಿಕೊಂಡು, ಈ ಸಲ ಕೋಳಿ ಅಂದುಕೊಳ್ಳದಿರಲಿ ಅಂತ ಕೋಲೈ ಅಂದೆ: “ಮನುಷನೋಡ ಪ್ರೋಟೀನ್ ಸಾರ್, ಇ ಕೋಲೈಲ ಎಡುತ್ತದು.”

ತಮಿಳಿನಲ್ಲಿ ಕೊಲೈ ಅಂದರೆ ಕೊಲೆ. ಗಾರ್ಡಿಗೆ ಕೇಳಿಸಿದ್ದು, ಮನುಷ್ಯನದು, ಈ ಕೊಲೆಯಲ್ಲಿ ತೆಗೆದದ್ದು ಅಂತ.

ಅವರು ಬೆರಳ ತುದಿಯಿಂದ ಡಬ್ಬದ ಮುಚ್ಚಳ ಮುಚ್ಚಿದರು. ಆಮೇಲೆ ತುಂಬ ಮೆತ್ತಗೆ, ಹೆದರಿದ ದನವನ್ನು ಮಾತಾಡಿಸುವ ಹಾಗೆ, “ಎಂದ ಕೊಲೈಮ್ಮಾ?” ಅಂದರು. ಯಾವ ಕೊಲೆ ಅಂತ. ನನಗೆ ಕೇಳಿಸಿದ್ದು ಯಾವ ಕೋಲೈ ಅಂತ. ನಮ್ಮಲ್ಲಿ ಎರಡು ಮೂರು ಬಗೆ ಇವೆ. “ನಾವೇ ಬೆಳೆಸಿರೋದು ಸಾರ್, ವಾರಕ್ಕೆ ಎರಡು ಸಲ ಮಾಡ್ತೀವಿ” ಅಂತ ತಮಿಳಿನಲ್ಲೇ ವಿವರವಾಗಿ ಹೇಳಿದೆ.

ನನ್ನನ್ನು ಬಸ್ಸಿನಿಂದ ಇಳಿಸಿದರು. ನನ್ನ ಪಕ್ಕ ಕೂತಿದ್ದ ಇಬ್ಬರು ಹೆಂಗಸರೂ ಜೊತೆಗೇ ಇಳಿದು ನನ್ನ ಎರಡು ಪಕ್ಕ ನಿಂತರು. “ಇವ್ಳು ನಮ್ಮೂರ್ ಮಗ ಕಣಪ್ಪ, ಅಂಥೋಳಲ್ಲ. ಕೊಂದಿದ್ರೂವಿ ಏನೋ ಕಾರ್ಣ ಇದ್ದದು” ಅಂತ ಒಬ್ಬಳು ವಾದವನ್ನೂ ಮಾಡಿದಳು.

ಅಷ್ಟರಲ್ಲಿ ಮೇಲಿನ ಅಧಿಕಾರಿ ಬಂದರು. ಓದುವ ಕಾಲದಲ್ಲಿ ವಿಜ್ಞಾನ ಓದಿದ್ದವರು. ಡಬ್ಬದ ಮೇಲಿನ ಚೀಟಿ ಓದಿ, ನನ್ನನ್ನು ಎರಡು ಮಾತು ಕೇಳಿ, ಹೊಟ್ಟೆ ಹಿಡಿದುಕೊಂಡು ನಕ್ಕರು. ಗಾರ್ಡಿಗೂ ಬಸ್ಸಿನವರಿಗೂ ಒಟ್ಟಿಗೇ ಕೇಳಿಸಲಿ ಅಂತ ಗಟ್ಟಿಯಾಗಿ ಹೇಳಿದರು: ಇದು ಕೊಲೆ ಅಲ್ಲ, ಒಂದು ಕ್ರಿಮಿ, ಹೊಟ್ಟೆಗೆ ಸೇರಿದರೆ ಭೇದಿ ಆಗುತ್ತದಲ್ಲ, ಆ ಜಾತಿಯದು.

ನಮ್ಮದು ಸಾಧು, ಭೇದಿ ಮಾಡಿಸುವುದಿಲ್ಲ, ಟ್ಯೂಬಿನಲ್ಲಿ ಕ್ರಿಮಿಯೇ ಇಲ್ಲ, ಸೋಸಿದ್ದೇವೆ ಅಂತ ನಾನು ಹೇಳುತ್ತಲೇ ಇದ್ದೆ. ಬಸ್ಸು ಹೊರಟಿತು. ಕೊಲೆ ಅಂದಾಗ ಅಲುಗದೆ ನನ್ನ ಪಕ್ಕ ನಿಂತ ಹೆಂಗಸರು, ಭೇದಿ ಅಂದ ಕೂಡಲೇ ಎದ್ದು ಡ್ರೈವರ್ ಹಿಂದಿನ ಸೀಟಿಗೆ ಹೋದರು. ದಿಂಬಂ ಘಾಟಿಯ ಇಪ್ಪತ್ತೇಳು ತಿರುವನ್ನೂ ಮೂರು ಜನರ ಸೀಟಿನಲ್ಲಿ ಕಾಲು ಚಾಚಿಕೊಂಡು ನಾನೊಬ್ಬಳೇ ಇಳಿದೆ.

ಖಾಲಿ ಟ್ಯೂಬು

ನಾನು ಕೊಯಮತ್ತೂರು ತಲುಪುವ ಮೊದಲೇ ಸುದ್ದಿ ಮೂರು ಬಗೆಯಾಗಿ ಮನೆ ತಲುಪಿತ್ತು. ತಂಗಿ ಫಾರಂ ತಂದು ಮುಂದಿಟ್ಟದ್ದು ಅದರ ಮರುದಿನ. ಅಪ್ಪ ಏನಂದ ಅಂತ ಆಗಲೇ ಹೇಳಿದ್ದೇನೆ.

ತಂಗಿ ಫೋನಿನಲ್ಲಿ ಅತ್ತಳು. “ನಿನ್ನಿಂದ್ಲೇ ಅಕ್ಕ, ನೀನೇ ಬಂದು ಸರಿ ಮಾಡು” ಅಂದಳು. ಅವಳು ಹೇಳಿದ್ದು ನಿಜ, ಅದಕ್ಕೇ ಹೆಚ್ಚು ನೋವಾಯಿತು. ಫಾರಂ ಕೊಡಲು ಸೋಮವಾರ ಕಡೆಯ ದಿನ. ಶನಿವಾರವೇ ಊರಿಗೆ ಹೋದೆ. ಈ ಸಲ ಬಾಯಿಮಾತು ಬೇಡ, ಕಣ್ಣಿಗೇ ತೋರಿಸೋಣ ಅಂತ, ವಾಯಿದೆ ಮುಗಿದು ಎಸೆಯಲಿಟ್ಟಿದ್ದ ಒಂದು ಟ್ಯೂಬನ್ನು ಕೇಳಿ ಪಡೆದು ತಂದಿದ್ದೆ. ಇದರಲ್ಲಿ ಪ್ರೋಟೀನನ್ನು ಒಣಗಿಸಿ ತುಂಬಿರುತ್ತೇವೆ. ಅದು ಎಷ್ಟು ಕಡಿಮೆ ಅಂದರೆ, ದೀಪಕ್ಕೆ ಹಿಡಿದರೂ ಕಾಣುವುದಿಲ್ಲ.

ಅಪ್ಪ ಟ್ಯೂಬನ್ನು ಬೆಳಕಿಗೆ ಹಿಡಿದ, ಅಲುಗಿಸಿದ, ಕಿವಿಯ ಹತ್ತಿರ ಇಟ್ಟುಕೊಂಡ. “ಏನೂ ಇಲ್ವಲ್ಲ ಮಗ.”

“ಅದ ಅಪ್ಪ, ಕಣ್ಗ ಕಾಣಕಿಲ್ಲ.”

“ಮ್ಯಾಲ ಏನಂತ ಬರ್ದರ?”

ತಂಗಿ ಮುಂದೆ ಬಂದು, ಇದ್ದುದನ್ನು ಇದ್ದ ಹಾಗೇ ಕನ್ನಡ ಮಾಡಿ ಓದಿದಳು: “ಮನುಷ್ಯರ ಪ್ರೋಟೀನು. ಮನುಷ್ಯರ ಬಳಕೆಗಲ್ಲ.”

ಅಪ್ಪ ಟ್ಯೂಬನ್ನು ಎರಡು ಕೈಯಲ್ಲೂ ಹಿಡಿದು, ಹುಷಾರಾಗಿ ನನಗೆ ವಾಪಸ್ಸು ಕೊಟ್ಟ. “ಕಣ್ಗ ಕಾಣಕಿಲ್ಲ, ಆದ್ರೂ ಅದ. ಮನುಸರ್ದು, ಆದ್ರೂ ಮನುಸರ್ಗಲ್ಲ” ಅಂತ ತನಗೆ ತಾನೇ ಹೇಳಿಕೊಂಡ. “ಇದು ಕೆಲ್ಸ ಅಲ್ಲ ಕಣ್ ಮಗ, ದ್ಯಾವ್ರು.” ಸೈನ್ ಹಾಕಲಿಲ್ಲ.

ಮುಸುಕಿನ ಜೋಳದ ಹೊಲ

ಭಾನುವಾರ ಜೀರಹಳ್ಳಿ ದಾರಿಯ ಒಂದು ಮುಸುಕಿನ ಜೋಳದ ಹೊಲದಲ್ಲಿ ಕಳೆ ಕೀಳುವುದಿತ್ತು. ಅಪ್ಪ, ಅವ್ವ ಬೆಳಗ್ಗೆಯೇ ಹೋಗಿದ್ದರು. ಮನೆಯಲ್ಲಿ ಕೂತರೆ ತಂಗಿಯ ಮುಖ ನೋಡಬೇಕಲ್ಲ ಅಂತ ನಾನೂ ಹೊರಟೆ. ಅವಳು ಫಾರಂ ಮಡಚಿ ಹಿಡಿದುಕೊಂಡು ಹಿಂದೆಯೇ ಬಂದಳು. ನಾವು ಹೋದಾಗ ಮೇಸ್ತ್ರಿ ರೇಗುತ್ತಿದ್ದ. ಆಳುಗಳ ಮೇಲೆ ನಿಗಾ ಇಡುವ ಮುದುಕ ಅವನು, ಕೊಡೆ ಹಿಡಿದುಕೊಂಡು ಬದುವಿನ ಮೇಲೆ ನಿಂತಿರುವುದೇ ಅವನ ಕೆಲಸ. ಟೀ ಬರುವ ತನಕ ಒಬ್ಬರಾದರೂ ನೆಟ್ಟಗೆ ಕೈ ಆಡಿಸುತ್ತಿಲ್ಲ ಅನ್ನುವುದು ಅವನ ನಿತ್ಯದ ಗೋಳು.

ನಾನೂ ಒಂದು ಸಾಲು ಹಿಡಿದೆ. ಪಕ್ಕದ ಸಾಲಿನ ಮುದುಕಿ ಬಿಡಲಿಲ್ಲ. “ಅದೇನವ್ವ, ಬಸ್ಸಿಂದ ಇಳಿಸುದ್ರಂತಲ್ಲ, ಏನದು ಅದ್ರ ಎಸ್ರು?”

“ಇ ಕೋಲಿ, ಅಜ್ಜಿ.”

ಎರಡು ಸಾಲು ಆಚೆ ಅಪ್ಪ ತಲೆ ಎತ್ತಿದ. “ಏನಂದ? ಈ ಕೂಲಿಯಾ?”

ತಿದ್ದಲು ಬಾಯಿ ತೆರೆದೆ. ಎರಡು ವರ್ಷದಿಂದ ತಿದ್ದಿ ತಿದ್ದಿ ಸಾಕಾಗಿತ್ತು. ಅಪ್ಪನ ಮುಖ ನೋಡಿದರೆ, ನನ್ನ ಕೆಲಸದ ಮಾತಿನಲ್ಲಿ ಮೊದಲ ಸಲ ಅವನಿಗೆ ಗೊತ್ತಿರುವ ಪದವೊಂದು ಸಿಕ್ಕಿತ್ತು. ಯೋಚಿಸಿದರೆ ಅದರಲ್ಲಿ ತಪ್ಪೂ ಇರಲಿಲ್ಲ. “ಊಂ ಅಪ್ಪ, ಕೂಲಿಯೇ” ಅಂದೆ. “ಕಣ್ಗ ಕಾಣ್ದಿರೋ ಕೂಲಿಯೋರು. ಮನುಸರ ಮೈ ಮಾಡೋ ಒಂದ್ ಕೆಲ್ಸನ ಚೀಟೀಲಿ ಬರ್ದಂಗ ಬರ್ದು ಅವುರ್ ಕೈಗ ಕೊಡ್ತೀವಿ. ನೋಡ್ಕಂಡು ಮಾಡ್ತವ. ಮಾಡಿದ್ದು ಅವುರ್ಗ ಏನೂ ಆಗ್ಬರಕಿಲ್ಲ.”

“ಕಂಡೋರ್ ಕೆಲ್ಸ” ಅಂದ ಅಪ್ಪ. ಕುಡುಗೋಲು ನೆಲಕ್ಕಿಟ್ಟ. “ಆಳು ಎಸ್ಟ್ ಜನ?”

“ಒಂದ್ ಬಾಟ್ಲಿಗ ಕೋಟಿ ಕೋಟಿ.”

“ಸಾಲ್ದಿದ್ರ?”

“ಇಪ್ಪತ್ ನಿಮಿಸಕ್ಕ ಒಬ್ಬ ಇಬ್ರಾಯ್ತರ.”

ಬದುವಿನ ಮೇಲೆ ಮೇಸ್ತ್ರಿ ಕೊಡೆ ಮಡಚಿದ. “ಒಂದ್ ಬಾಟ್ಲಿ ನಮ್ಮೂರ್ಗೂ ತಂದ್ಬುಡವ್ವ, ಪುಣ್ಯ ಬತ್ತದ” ಅಂದ.

ಕೈಗಳೆಲ್ಲ ನಿಂತವು. ಹೆಂಗಸರು ಸುತ್ತುಗಟ್ಟಿದರು. ಎಲ್ಲಿ ಇರಿಸುತ್ತೀರಿ, ಏನು ಉಣ್ಣಲು ಹಾಕುತ್ತೀರಿ ಅಂತ ಒಬ್ಬೊಬ್ಬರೂ ತನಿಖೆಗೆ ನಿಂತರು. ಬೆಚ್ಚಗೆ ಇಡುತ್ತೇವೆ, ಹೊಟ್ಟೆ ತುಂಬ ಕೊಡುತ್ತೇವೆ, ಗಾಳಿ ಸಿಗಲಿ ಅಂತ ಇಡೀ ದಿನ ಬಾಟ್ಲಿ ಅಲ್ಲಾಡಿಸುತ್ತಲೇ ಇರುತ್ತೇವೆ ಅಂದೆ. “ಕೂರಕ್ಕ ಬುಡಕಿಲ್ಲ ಅನ್ನು” ಅಂದಳು ಅವ್ವ.

“ಕಡೀಗ ಅವುರ್ನ ಏನ್ ಮಾಡೀರಿ?” ಅಂದ ಅಪ್ಪ.

ಇದೊಂದು ಪ್ರಶ್ನೆ ಬೇಡವಾಗಿತ್ತು. ತಂಗಿ ಹಿಂದಿನಿಂದ ನನ್ನ ತೋಳು ಚಿವುಟಿದಳು. ಆದರೆ ಅಪ್ಪನಿಗೆ ಸುಳ್ಳು ಹೇಳಿ ಸೈನ್ ಹಾಕಿಸಿಕೊಳ್ಳಲು ನನಗೆ ಮನಸ್ಸಾಗಲಿಲ್ಲ. “ಮಾಡಿದ್ದು ಅವುರ್ ಒಳಗೇ ಉಳ್ಕತದ ಅಪ್ಪ. ಒಡ್ದು ತಕ್ಕತೀವಿ.”

ಅಪ್ಪ ಕುಡುಗೋಲಿನ ಹಿಡಿಯನ್ನೇ ನೋಡುತ್ತ ನಿಂತ. ತಂಗಿ ಫಾರಂ ಇನ್ನೊಂದು ಮಡಿಕೆ ಮಡಚಿದಳು. ನನ್ನ ಪಕ್ಕದ ಮುದುಕಿ ಸೊಂಟ ಹಿಡಿದುಕೊಂಡು ನೆಟ್ಟಗಾಗಿ, “ನಮ್ಮುನ್ನೇನ್ ಇಡಿಯಾಗಿ ಮಡಗವ್ರಾ, ಸುಮ್ಕಿರ್ಲಾ” ಅಂತ ಅಪ್ಪನಿಗೇ ಗದರಿದಳು. ಎಲ್ಲರೂ ನಕ್ಕರು. ಅಪ್ಪ ನಗಲಿಲ್ಲ.

ಅಷ್ಟರಲ್ಲಿ ಹೊಲದ ಮನೆಯಿಂದ ಕ್ಯಾನಿನಲ್ಲಿ ಟೀ ಬಂತು. ಅಪ್ಪ ಲೋಟ ಹಿಡಿದು ಬದುವಿನ ಮೇಲೆ ಕೂತ, ಯೋಚನೆ ಇನ್ನೂ ಬಿಟ್ಟಿರಲಿಲ್ಲ. “ಒತ್ತಾರ ಎಸ್ಟೊತ್ಗ ಕೆಲ್ಸಕ್ಕ ಇಳಿತವ ಅವು?”

“ಒತ್ತಾರ ಬರೀ ತಿಂದು ಬೆಳೀತವ ಅಷ್ಟೇಯ, ನಾವೇಳಿದ್ದ ಮುಟ್ಟಕಿಲ್ಲ. ಅನ್ನೊಂದ್ ಗಂಟ ಸುಮಾರ್ಗ ಸಕ್ರ ತರದ್ದೊಂದ ಆಕ್ತೀವಿ. ಅದು ಬಿದ್ ಮ್ಯಾಲೇ ಕೆಲ್ಸ ಸುರು.”

ಅಪ್ಪ ಲೋಟವನ್ನು ತುಟಿಯಿಂದ ಇಳಿಸಿದ. ನನ್ನನ್ನು ನೋಡಿದ, ಲೋಟ ನೋಡಿದ, ಆಮೇಲೆ ಮೇಸ್ತ್ರಿಯನ್ನು ನೋಡಿದ. “ಕೇಳುಸ್ಕಂಡಾ ಮೇಸ್ತ್ರಿ? ಸಕ್ರ ಬೀಳೋಗಂಟ ಕೆಲ್ಸ ಮುಟ್ಟಕಿಲ್ವಂತ. ಮೈಸೂರಲ್ಲೂ ಇಂಗೇಯ. ಅವು ನಮ್ ಜನವೇ ಕಣ.”

ಹೊಲಕ್ಕೆ ಹೊಲವೇ ನಕ್ಕಿತು. ಅಪ್ಪ ತಂಗಿಯ ಕೈಯಿಂದ ಫಾರಂ ಎಳೆದುಕೊಂಡು, ಟೀ ಕ್ಯಾನಿನ ಮುಚ್ಚಳದ ಮೇಲಿಟ್ಟು, ಮಣ್ಣಿನ ಕೈಯಲ್ಲೇ ಸೈನ್ ಹಾಕಿದ. ತಮಿಳಿನಲ್ಲಿ ಹಾಕಿದ, ಶಾಲೆಯಲ್ಲಿ ಕಲಿತದ್ದು ಅದೊಂದೇ. “ಈಗ ಯಾರ್ ಬೇಕಾದ್ರೂ ಕೇಳ್ಲಿ, ಏಳ್ತೀನಿ” ಅಂದ. ತಂಗಿ ಅಳಲೂ ಆಗದೆ ನಗಲೂ ಆಗದೆ ಅವ್ವನ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

“ಒಂದ್ ಮಾತು ಮಾತ್ರ” ಅಂತ ಅಪ್ಪ ನನ್ನ ಕಡೆ ತಿರುಗಿದ. “ಆ ಸಕ್ರನ ಒಸಿ ಬ್ಯಾಗ ಆಕ್ಬುಡಿ ಮಗ. ಅನ್ನೊಂದ್ ಗಂಟವರ್ಗ ಯಾಕ ಕಾಯಿಸೀರಿ, ಪಾಪ.”

“ಬ್ಯಾಗ ಆಕುದ್ರ ಇಳುವರಿ ಕಮ್ಮಿ ಆಯ್ತದ ಕಣಪ್ಪ” ಅಂದೆ, ಯೋಚನೆ ಮಾಡದೆ.

ಅಪ್ಪ ನನ್ನನ್ನು ಒಂದು ಗಳಿಗೆ ನೋಡಿದ. ಆಮೇಲೆ ಟೀ ಪೂರ್ತಿ ಕುಡಿದು, ಲೋಟ ಕವುಚಿ ಇಟ್ಟು, ಬದುವಿನ ಮೇಲಿದ್ದ ಮುದುಕನಿಗೆ ಹೇಳಿದ:

“ಒಸಿ ಜರುಗು ಮೇಸ್ತ್ರಿ. ನಿನ್ ಜಾಗಕ್ಕ ನನ್ ಮಗ್ಳು ಬಂದ್ಳು.”